ಗುಂಡಿ ಯಾವ ಕಡೆ?

ಬೆಳಿಗ್ಗೆ ಏಳೂವರೆಗೆ ಫೋನ್ ಬಂದಾಗ ಕಾಜಾ ಅಕ್ಕ ಒಲೆಯ ಮೇಲೆ ಹಾಲಿಟ್ಟಿದ್ದಳು. ಫೋನ್ ಮಾಡಿದವರು ಅವಳು ಕೆಲಸ ಮಾಡುವ ಹೊಲಿಗೆ ಕಾರ್ಖಾನೆಯ ಒಡತಿ, ಎಲ್ಲರ ಬಾಯಲ್ಲಿ ಮೇಡಂ.

"ಸೂಪರ್‌ವೈಸರ್ ಕೆಲಸ ಬಿಟ್ಟು ಹೋದ್ರು. ಇವತ್ತೊಂದಿನ ಎಲ್ಲಾ ನೀವೇ ನೋಡ್ಕೊಳ್ಳಿ. ಸಂಜೆ ಐದಕ್ಕೆ ಬರ್ತೀನಿ. ಹೇಗೆ ನಡೆಸಿದ್ದೀರಿ ಅಂತ ನೋಡಿ, ಆ ಹುದ್ದೆ ವಿಷಯ ತೀರ್ಮಾನ ಮಾಡೋಣ."

ಹಾಲು ಉಕ್ಕಿ ಒಲೆಯೆಲ್ಲ ಬಿಳಿಯಾಯಿತು. ಅಕ್ಕನಿಗೆ ಅದು ಕಾಣಲೇ ಇಲ್ಲ. ಹನ್ನೊಂದು ವರ್ಷ ಅವಳು ಕಾಜಾ ಹಾಕುವ ಮೆಷಿನ್ನಿನ ಮುಂದೆ, ಬೆನ್ನೊರಗಿಸಲು ಹಲಗೆಯಿಲ್ಲದ ಸ್ಟೂಲಿನ ಮೇಲೆ ಕೂತಿದ್ದಳು. ಗುಂಡಿ ತೂರುವ ಆ ಸೀಳುಗಳನ್ನು ಎಷ್ಟು ಲಕ್ಷ ಹಾಕಿದ್ದಳೋ, ಅವಳ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಏನನ್ನೂ ಬಾಯಿಬಿಟ್ಟು ಕೇಳಿದವಳಲ್ಲ. ಆದರೆ ಕೇಳದವರ ಮನಸ್ಸಿನಲ್ಲಿ ಆಸೆ ಇರುವುದಿಲ್ಲವೆಂದು ಯಾರು ಹೇಳಿದರು?

ಇಷ್ಟಕ್ಕೇ ಬಿಟ್ಟಿದ್ದರೆ ದಿನ ಸುಸೂತ್ರವಾಗಿ ಕಳೆಯುತ್ತಿತ್ತು. ಗಂಡ ಬಿಡಲಿಲ್ಲ. ಬಸ್ ನಿಲ್ದಾಣದಲ್ಲಿ ಟಿಕೆಟ್ ಹರಿದುಕೊಡುವ ಆತ ಜೀವಮಾನದಲ್ಲಿ ಒಂದು ಬೆಕ್ಕಿಗೂ ಹುಕುಂ ಮಾಡಿದವನಲ್ಲ. ನಾಯಕತ್ವದ ವಿಡಿಯೋಗಳನ್ನು ಮಾತ್ರ ಒಂದೂ ಬಿಡದೆ ನೋಡುತ್ತಿದ್ದ.

"ಇರು ಇರು. ಹತ್ತು ಜನರನ್ನ ನಡೆಸೋದು ಅಂದ್ರೆ ತಮಾಷೆ ಅಲ್ಲ. ಇದನ್ನ ನೋಡ್ಕೊಂಡು ಹೋಗು" ಎಂದು ಮೊಬೈಲನ್ನು ಅವಳ ಮೂಗಿಗೆ ಹಿಡಿದ.

ಟೈ ಕಟ್ಟಿಕೊಂಡ ಒಬ್ಬಾತ ಅದರೊಳಗೆ ಅತ್ತಿತ್ತ ಓಡಾಡುತ್ತ ಹೇಳುತ್ತಿದ್ದ: ಒಳ್ಳೆಯ ನಾಯಕ ಎಲ್ಲರ ಮಾತನ್ನೂ ಕೇಳಬೇಕು. ಕೆಲಸವನ್ನು ಹಂಚಬೇಕು, ತಾನೇ ಕೈಹಾಕಬಾರದು. ಸಣ್ಣಪುಟ್ಟದ್ದಕ್ಕೆಲ್ಲ ಮೇಲಿನವರನ್ನು ಕೇಳುತ್ತ ಕೂರಬಾರದು.

ಒಲೆ ಒರೆಸುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು: "ಇಷ್ಟು ವರ್ಷ ಇವಳು ಈ ಮನೇಲಿ ಮಾಡ್ತಿರೋದು ಏನಂತೆ ಮತ್ತೆ? ಅದನ್ನ ಹೇಳೋಕೂ ಒಬ್ಬ ಟೈ ಕಟ್ಕೊಂಡು ಬರ್ಬೇಕಾ?"

ಆ ಮಾತನ್ನು ಕಿವಿಗೆ ಹಾಕಿಕೊಂಡಿದ್ದರೂ ಸಾಕಿತ್ತು. ಅಕ್ಕ ಟೈ ಕಟ್ಟಿದವನ ಮಾತನ್ನೇ ಹಾಕಿಕೊಂಡಳು.

ಮೂರನೆಯ ಮಹಡಿಯಲ್ಲಿ ಕಾರ್ಖಾನೆ. ಎರಡು ಸಾಲಿನಲ್ಲಿ ಹದಿನಾರು ಮೆಷಿನ್, ಒಂದು ಕೊನೆಯಲ್ಲಿ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಇನ್ನೊಂದು ಕೊನೆಯಲ್ಲಿ ಸೂಪರ್‌ವೈಸರರ ಗಾಜಿನ ಕೋಣೆ. ಅಕ್ಕ ಅದರೊಳಗೆ ಹೋಗಿ ಫ್ಯಾನ್ ಹಾಕಿಕೊಂಡು ಕುರ್ಚಿಯಲ್ಲಿ ಕೂತಳು. ಅಲ್ಲಿಂದ ಅವಳಿಗೆ ಎಲ್ಲರೂ ಕಾಣುತ್ತಿದ್ದರು. ಎಲ್ಲರಿಗೆ ಮಾತ್ರ ಅವಳು ಅಂಗಡಿಯ ಗಾಜಿನ ಹಿಂದೆ ನಿಲ್ಲಿಸಿದ ಗೊಂಬೆಯಂತೆ ಕಂಡಳು. ಅವಳ ಮೆಷಿನ್ನನ್ನು ಪಕ್ಕದ ಸ್ಟೂಲಿನವಳಿಗೆ ಒಪ್ಪಿಸಿದ್ದಾಗಿತ್ತು. ಸುಮ್ಮನೆ ಕೂತ ಕೈಗಳು ತುರಿಸತೊಡಗಿದ್ದರಿಂದ ಅವನ್ನು ತೊಡೆಯ ಕೆಳಗೆ ಒತ್ತಿಕೊಂಡಳು.

ಅಂದಿನ ಕೆಲಸ ಒಂದು ಆಸ್ಪತ್ರೆಗೆ ನಲವತ್ತು ಬಿಳಿ ಕೋಟು. ದುಂಡು ಕುತ್ತಿಗೆ, ಮುಂದೆ ಎರಡೂ ಅಂಚಿಗೆ ಬೇರೆಯಾಗಿ ಕೂಡಿಸುವ ಪಟ್ಟಿ, ಐದೈದು ಗುಂಡಿ. ಸಂಜೆ ಐದಕ್ಕೆ ಬಂದು ಒಯ್ಯುತ್ತಾರೆ. ಚೀಟಿಯಲ್ಲಿ ಎಲ್ಲವೂ ಇತ್ತು. ಗಂಡಸರಿಗೋ ಹೆಂಗಸರಿಗೋ ಎಂಬುದೊಂದನ್ನು ಬಿಟ್ಟು.

ಹೊಲಿಯುವವರಿಗೆ ಇದು ಸಣ್ಣ ಮಾತಲ್ಲ. ಗಂಡಸರ ಬಟ್ಟೆಗೆ ಕಾಜಾ ಎಡಗಡೆ, ಗುಂಡಿ ಬಲಗಡೆ. ಹೆಂಗಸರದಕ್ಕೆ ಅದರ ತಿರುವುಮುರುವು. ಹಾಕಿಕೊಳ್ಳುವವರು ಹೇಳಲಾರರು, ಆದರೆ ತಪ್ಪಾದ ಕೂಡಲೇ ಅವರ ಬೆರಳುಗಳು ತಡಬಡಾಯಿಸುತ್ತವೆ.

ಅಕ್ಕ ಮೇಡಂಗೆ ಕೇಳೋಣವೆಂದು ಫೋನ್ ತೆಗೆದಳು. ಟೈ ಕಟ್ಟಿದವನು ಕಣ್ಣ ಮುಂದೆ ಬಂದು ಅಡ್ಡ ನಿಂತ. ಫೋನ್ ಕೆಳಗಿಟ್ಟು ಹೊರಗೆ ಬಂದವಳೇ, "ಎಲ್ಲರೂ ಮೆಷಿನ್ ನಿಲ್ಲಿಸಿ" ಎಂದಳು.

ಎಲ್ಲ ಮೆಷಿನ್‌ಗಳೂ ಒಮ್ಮೆಗೇ ನಿಂತವು. ಅಂಚು ಹೊಲಿಯುವ ಓವರ್‌ಲಾಕ್ ಚಿಕ್ಕಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. "ಯಾರು ಹೋದ್ರೇ?"

"ಯಾರೂ ಹೋಗಿಲ್ಲ ಚಿಕ್ಕಮ್ಮ. ಗುಂಡಿ ಯಾವ ಕಡೆ ಅಂತ ಎಲ್ಲರ ಅಭಿಪ್ರಾಯ ಕೇಳ್ಬೇಕಿತ್ತು."

"ಅದಕ್ಕೆ ನನ್ನ ಜೀವ ತೆಗೀಬೇಕಾ?"

ಕಟಿಂಗ್ ಮಾಸ್ಟರು ಕತ್ತರಿ ಇಳಿಸಿ ಮುಂದೆ ಬಂದರು. ಇಡೀ ಮಹಡಿಗೆ ಅವರೊಬ್ಬರೇ ಗಂಡಸು, ಹಾಗಾಗಿ ಎಲ್ಲದರಲ್ಲೂ ತಮಗೊಂದು ಮಾತಿದೆ ಎಂದು ತಿಳಿದವರು. "ಇದರಲ್ಲಿ ಕೇಳೋದೇನಿದೆ? ಅಳತೆ ನೋಡಿ. ನಲವತ್ತನಾಲ್ಕು, ನಲವತ್ತಾರು ಎದೆ. ಗಂಡಸರದ್ದೇ."

"ಯಾಕೆ ಮಾಸ್ಟ್ರೇ," ಚಿಕ್ಕಮ್ಮನ ದನಿ ಏರಿತು, "ನನ್ನ ಅಳತೆ ಎಷ್ಟಿದೆ ಅಂದ್ಕೊಂಡಿದ್ದೀರಿ?"

"ಅದನ್ನ ನಾನ್ಯಾಕೆ ಹೇಳ್ಲಿ ತಾಯಿ. ನನಗೂ ಹೆಂಡ್ತಿ ಮಕ್ಕಳಿದ್ದಾರೆ."

ನಗೆಯ ಅಲೆ ಎರಡೂ ಸಾಲಿನ ಮೇಲೆ ಹಾದುಹೋಯಿತು. ಇಸ್ತ್ರಿ ಮೇಜಿನ ಅತ್ತಿಗೆ ಸಂಧಾನಕ್ಕೆ ಇಳಿದರು. "ಇಪ್ಪತ್ತು ಈ ಕಡೆ, ಇಪ್ಪತ್ತು ಆ ಕಡೆ ಮಾಡಿ ಕಳಿಸಿಬಿಡಿ. ಯಾರಿಗೆ ಯಾವುದು ಬೇಕೋ ಅವರವರೇ ಕಿತ್ತಾಡ್ಕೊಳ್ಳಲಿ."

ಮಾತು ಬೆಳೆಯಿತು. ಗಡಿಯಾರವೂ ಸುಮ್ಮನಿರಲಿಲ್ಲ. ಕೊನೆಗೆ ಅಕ್ಕ ಕೈ ಎತ್ತಿಸಿದಳು. ಚಿಕ್ಕಮ್ಮ ತಲೆ ಕೆರೆದುಕೊಳ್ಳಲು ಎತ್ತಿದ ಕೈಯೂ ಲೆಕ್ಕಕ್ಕೆ ಸೇರಿ, ಒಂಬತ್ತಕ್ಕೆ ಎಂಟರಂತೆ ಗಂಡಸರ ಕಡೆ ಗೆದ್ದಿತು. ಅಕ್ಕನಿಗೆ ಒಳಗೊಳಗೇ ಹೆಮ್ಮೆ. ಎಲ್ಲರ ಮಾತು ಕೇಳಿಯಾಯಿತು, ಕೆಲಸ ಹಂಚಿಯಾಯಿತು, ಮೇಡಂಗೆ ಫೋನ್ ಮಾಡಲಿಲ್ಲ. ಇಷ್ಟೇ ತಾನೆ!

ಮಧ್ಯಾಹ್ನ ಎರಡಕ್ಕೆ ನಲವತ್ತೂ ಕೋಟು ಮುಗಿದು ಮಲ್ಲಿಗೆ ಸುರಿದಂತೆ ರಾಶಿ ಬಿದ್ದಿದ್ದವು. ಆಗ ಮೇಡಂ ಫೋನ್ ಬಂತು.

"ಆಸ್ಪತ್ರೆಯ ದೊಡ್ಡ ನರ್ಸಮ್ಮನೇ ಬರ್ತಿದ್ದಾರಂತೆ. ನಲವತ್ತೂ ಅವರ ಕೈಕೆಳಗಿನ ಹುಡುಗೀರಿಗೆ. ಸ್ವಲ್ಪ ಸಡಿಲ ಇರ್ಲಿ ಅಂತ ದೊಡ್ಡ ಅಳತೆ ಕೊಟ್ಟಿದ್ರು. ಎಲ್ಲಾ ಸರಿಯಾಗಿದೆ ತಾನೆ?"

"ಹ್ಞೂಂ ಮೇಡಂ" ಎಂದಳು ಅಕ್ಕ. ಅದು ಯಾರ ದನಿಯೋ ಅವಳಿಗೇ ತಿಳಿಯಲಿಲ್ಲ.

ಸುದ್ದಿ ಸಾಲಿನ ತುದಿ ಮುಟ್ಟುವಷ್ಟರಲ್ಲಿ ಆ ಒಂಬತ್ತು ಓಟುಗಳು ಕರಗತೊಡಗಿದವು. "ನಾನು ಹೇಳಿದ್ದು ಅಳತೆ ಮಾತ್ರ, ಕಡೆ ಹೇಳ್ಲಿಲ್ಲ" ಎಂದರು ಮಾಸ್ಟರು. "ನಾನು ತಲೆ ಕೆರ್ಕೊಂಡಿದ್ದು" ಎಂದರು ಚಿಕ್ಕಮ್ಮ. "ನಾನು ಕೈ ಎತ್ತಿದ್ದು ಹೆಂಗಸರಿಗೆ" ಎಂದವರು ಏಕಾಏಕಿ ಹನ್ನೆರಡು ಜನರಾದರು.

ಅಕ್ಕ ರಾಶಿಯ ಮುಂದೆ ನಿಂತಳು. ಇವರೇ ಹೇಳಿದ್ದು, ಇವರೇ ಕೈ ಎತ್ತಿದ್ದು ಎಂದುಬಿಡಬಹುದಿತ್ತು. ಹಳೆಯ ಸೂಪರ್‌ವೈಸರ್ ಅದನ್ನೇ ಹೇಳುತ್ತಿದ್ದರು, ಮೂರು ಜನರನ್ನು ಅಳಿಸಿಯೂ ಇರುತ್ತಿದ್ದರು. ಹಾಗೆ ಅತ್ತವರಲ್ಲಿ ಅವಳೂ ಒಬ್ಬಳಾಗಿದ್ದಳು. ಅಳುತ್ತ ಹೊಲಿದರೆ ನೂಲು ಎಷ್ಟು ಸಲ ತುಂಡಾಗುತ್ತದೆಂದು ಅವಳಿಗೆ ಗೊತ್ತಿತ್ತು.

"ಯಾರದೂ ತಪ್ಪಲ್ಲ, ನಂದು" ಎಂದಳು. "ಒಂದು ಫೋನ್ ಮಾಡಿದ್ರೆ ಮುಗೀತಿತ್ತು. ನನಗೆ ಜಂಬ ಬಂದಿತ್ತು."

ಹನ್ನೊಂದು ವರ್ಷದಲ್ಲಿ ಈ ಮಹಡಿಯ ಮೇಲೆ ಯಾರೂ ಆ ಮಾತು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ.

ಅಕ್ಕ ಒಂದು ಕೋಟು ಎತ್ತಿ ಮಗುಚಿ ನೋಡಿದಳು. ಪಟ್ಟಿ ಬೇರೆಯಾಗಿ ಕತ್ತರಿಸಿ ಕೂಡಿಸಿದ್ದು. ಬ್ಲೇಡು ತೆಗೆದುಕೊಂಡು ಹೊಲಿಗೆಯ ಮೇಲೆ ಎಳೆದಳು. ಪಟ್ಟಿ ಕಳಚಿ ಕೈಗೆ ಬಂತು.

"ಎಡದ ಪಟ್ಟಿ ಬಲಕ್ಕೆ, ಬಲದ್ದು ಎಡಕ್ಕೆ. ಪಟ್ಟಿ ಮಗುಚುತ್ತಲ್ಲ, ಅದಕ್ಕೆ ಗುಂಡಿ ಮಾತ್ರ ಕಿತ್ತು ಪಟ್ಟಿಯ ಇನ್ನೊಂದು ಮೈಗೆ ಹಾಕ್ಬೇಕು. ಬಟ್ಟೆ ಹಾಳಾಗಲ್ಲ. ಇನ್ನೂ ಮೂರು ಗಂಟೆ ಟೈಮಿದೆ."

"ಎಂಬತ್ತು ಪಟ್ಟಿ! ಇನ್ನೂರು ಗುಂಡಿ!" ಎಂದರು ಮಾಸ್ಟರು.

"ಲೆಕ್ಕ ಆಮೇಲೆ ಮಾಡಿ ಮಾಸ್ಟ್ರೇ. ಜೋಡಿ ತಪ್ಪದ ಹಾಗೆ ಸೀಮೆಸುಣ್ಣದಲ್ಲಿ ಗುರುತು ಹಾಕ್ತಾ ಬನ್ನಿ."

ಟೈ ಕಟ್ಟಿದವನು ಎಲ್ಲಿ ಹೋದನೋ. ಅಕ್ಕ ಗಾಜಿನ ಕೋಣೆಯ ಕಡೆ ತಿರುಗಿಯೂ ನೋಡಲಿಲ್ಲ. ಯಾರಿಗೆ ಏನು ಕೊಡಬೇಕೆಂದು ಯೋಚಿಸುವ ಅಗತ್ಯವೇ ಬೀಳಲಿಲ್ಲ. ಅವರ ನಡುವೆಯೇ ಕೂತು ಇಷ್ಟು ವರ್ಷ ಕಳೆದಿದ್ದಳಲ್ಲ. ಕನ್ನಡಕ ಬದಲಿಸಬೇಕಾದವಳಿಗೆ ಬ್ಲೇಡು ಕೊಡಲಿಲ್ಲ, ನೇರ ಹೊಲಿಗೆ ಕೊಟ್ಟಳು. ಬೆನ್ನುನೋವಿನವಳನ್ನು ಗುಂಡಿಗೆ ಕೂರಿಸಿದಳು. ಹೋದ ತಿಂಗಳಿಂದ ಮಾತು ಬಿಟ್ಟಿದ್ದ ಓರಗಿತ್ತಿಯರಿಬ್ಬರನ್ನು ಎರಡು ತುದಿಗೆ ಹಾಕಿದಳು. ಜ್ವರದ ಮಗುವನ್ನು ಮನೆಯಲ್ಲಿ ಬಿಟ್ಟು ಬಂದವಳ ಹತ್ತಿರ ಹೋಗಿ, "ಮೊದಲು ಫೋನ್ ಮಾಡಿ ಬಾ, ಆಮೇಲೆ ನಿನ್ನ ಕೈ ಓಡುತ್ತೆ" ಎಂದಳು. ತಾನು ನೆಲದ ಮೇಲೆ ಕಾಲು ಚಾಚಿ ಕೂತು ಗುಂಡಿ ಹಚ್ಚತೊಡಗಿದಳು.

"ನೋಡೇ, ದೊರೆಸಾನಿ ನೆಲಕ್ಕೆ ಇಳಿದ್ಲು" ಎಂದರು ಚಿಕ್ಕಮ್ಮ.

"ದೊರೆಸಾನಿಗೆ ಸ್ವಲ್ಪ ಬಿಳಿ ನೂಲು ಎಸೀರಿ" ಎಂದಳು ಅಕ್ಕ.

ಊಟದ ಡಬ್ಬಿಗಳನ್ನು ಯಾರೂ ತೆರೆಯಲಿಲ್ಲ. ಮೂರೂವರೆಯ ಹೊತ್ತಿಗೆ ಕೆಲಸ ತಾನೇ ಹರಿಯತೊಡಗಿತು. ಒಬ್ಬಳ ಕೈಯಿಂದ ಇಳಿದ ಕೋಟು ಇನ್ನೊಬ್ಬಳ ಸೂಜಿಯ ಕೆಳಗೆ ಹೋಗಿರುತ್ತಿತ್ತು. ಯಾರೂ ಕೂಗಲಿಲ್ಲ, ಯಾರೂ ಕೇಳಲಿಲ್ಲ. ಅಕ್ಕ ಒಮ್ಮೆ ತಲೆಯೆತ್ತಿ ಎರಡೂ ಸಾಲುಗಳನ್ನು ನೋಡಿದಳು. ಇವರು ನನ್ನವರು ಅನ್ನಿಸಿತು. ಹೆರಿಗೆಯಾದ ಮೇಲೆ ಮೊದಲ ಸಲ ಮಗುವಿನ ಮುಖ ನೋಡಿದಾಗ ಬಂದಿದ್ದ ಅದೇ ಹುಚ್ಚು ಹೆಮ್ಮೆ.

ಮೇಡಂ ನಾಲ್ಕೂ ನಲವತ್ತಕ್ಕೇ ಬಂದು ಬಾಗಿಲಲ್ಲಿ ಸದ್ದಿಲ್ಲದೆ ನಿಂತು ನೋಡುತ್ತಿದ್ದದ್ದು ಯಾರ ಗಮನಕ್ಕೂ ಬರಲಿಲ್ಲ.

ಐದಕ್ಕೆ ನರ್ಸಮ್ಮ ಬಂದರು. ಒಂದು ಕೋಟು ತೊಟ್ಟು, ಐದೂ ಗುಂಡಿಗಳನ್ನು ನೋಡದೆಯೇ ಹಾಕಿಕೊಂಡು, "ಹೀಗಿರ್ಬೇಕು ನೋಡಿ" ಎಂದು ಗಂಟು ಕಟ್ಟಿಸಿ ಒಯ್ದರು.

ಮೇಡಂ ಎಲ್ಲರನ್ನೂ ಹತ್ತಿರ ಕರೆದರು. "ಇಪ್ಪತ್ತು ನಿಮಿಷ ಬಾಗಿಲಲ್ಲೇ ನಿಂತಿದ್ದೆ. ಇಂಥ ಕೆಲಸ ನಾನು ಎಲ್ಲೂ ನೋಡಿಲ್ಲ. ಒಂದು ಕೂಗಾಟ ಇಲ್ಲ, ಒಂದು ಜಗಳ ಇಲ್ಲ. ಎಲ್ಲರಿಗೂ ಅವರವರ ಕೆಲಸ ಗೊತ್ತು."

ಎಲ್ಲರ ಕಣ್ಣೂ ಅಕ್ಕನ ಮೇಲೆ. ಚಿಕ್ಕಮ್ಮ ಮೊಣಕೈಯಿಂದ ತಿವಿದರು. ಅಕ್ಕ ಬಟ್ಟೆಗಂಟಿದ ನೂಲು ಕೊಡವಿಕೊಂಡು ನೆಟ್ಟಗೆ ನಿಂತಳು. ಮನೆಗೆ ಹೋಗಿ ಮೊದಲು ಅತ್ತೆಗೆ ಹೇಳಬೇಕು, ಗಂಡನಿಗೆ ಆಮೇಲೆ.

"ಅದಕ್ಕೇ ತೀರ್ಮಾನ ಮಾಡಿದ್ದೀನಿ" ಎಂದರು ಮೇಡಂ. "ಇಷ್ಟು ಚೆನ್ನಾಗಿ ತಮ್ಮಷ್ಟಕ್ಕೆ ತಾವೇ ನಡೆಸೋರಿಗೆ ಸೂಪರ್‌ವೈಸರ್ ಯಾಕೆ ಬೇಕು? ಆ ಹುದ್ದೆನೇ ತೆಗೆದುಬಿಡ್ತೀನಿ. ಗಾಜಿನ ಕೋಣೆ ಒಡೆಸಿದ್ರೆ ಇನ್ನೆರಡು ಮೆಷಿನ್ ಹಿಡಿಸುತ್ತೆ."

ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಎಲ್ಲರೂ ತಟ್ಟುವಾಗ ಸುಮ್ಮನಿರಲಾಗದೆ ಅಕ್ಕನೂ ತಟ್ಟಿದಳು.

ಮೇಡಂ ಅವಳ ಭುಜದ ಮೇಲೆ ಕೈಯಿಟ್ಟರು. "ನಿಮ್ಮನ್ನ ಮಾತ್ರ ಮೆಚ್ಚಲೇಬೇಕು. ಅಷ್ಟೂ ಹೊತ್ತು ಒಂದು ಮೂಲೇಲಿ ಕೂತು ಗುಂಡಿ ಹಚ್ತಾ ಇದ್ರಿ. ಯಾರಿಗೂ ಅಡ್ಡ ಬರ್ಲಿಲ್ಲ."

ಅಕ್ಕ ಅಳು ಬರುತ್ತದೆ ಎಂದುಕೊಂಡಿದ್ದಳು, ಬಂದದ್ದು ನಗು. ಅದನ್ನು ಹೇಗೋ ನುಂಗಿಕೊಂಡಳು.

ಕಟಿಂಗ್ ಮಾಸ್ಟರು ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ನಾಳೆ ಬೆಳಿಗ್ಗೆ ಕತ್ತರಿಸೋಕೆ ಮೊದಲು ಯಾವ ಬಟ್ಟೆ ಹಾಸ್ಲಿ? ನೀಲಿದೋ, ಖಾಕಿದೋ?"

ಕೇಳುವಾಗ ಅವರು ಮೇಡಂ ಕಡೆ ನೋಡಲಿಲ್ಲ, ಅಕ್ಕನ ಕಡೆ ನೋಡಿದರು. ಚಿಕ್ಕಮ್ಮ ನೋಡಿದರು, ಅತ್ತಿಗೆ ನೋಡಿದರು, ಮಾತು ಬಿಟ್ಟ ಇಬ್ಬರೂ ನೋಡಿದರು. ಕೊನೆಗೆ ಮೇಡಂ ಕೂಡ ತಮಗರಿವಿಲ್ಲದೆಯೇ ಅವಳ ಕಡೆ ತಿರುಗಿ ಕಾದು ನಿಂತರು.

"ಖಾಕಿದು" ಎಂದಳು ಅಕ್ಕ. "ನೀಲಿದನ್ನ ಇವತ್ತೇ ನೀರಿಗೆ ಹಾಕಿ ಒಣಗಿಸಿ, ಆ ಬಟ್ಟೆ ಕುಗ್ಗುತ್ತೆ."

"ಆಯ್ತಕ್ಕ" ಎಂದು ಎಲ್ಲರೂ ಹೊರಟರು.

ಮೇಡಂ ತೃಪ್ತಿಯಿಂದ ತಲೆದೂಗಿದರು. "ನೋಡಿದ್ರಾ? ಎಷ್ಟು ಸಲೀಸು. ಹೇಳೋರು ಒಬ್ಬರು ಬೇಕೇ ಇಲ್ಲ!"