ವೋಲ್ಟೇಜ್ ಬ್ಯಾರೆ, ಕರೆಂಟ್ ಬ್ಯಾರೆ ಅಂದ್ರ ಬ್ಯಾರೆ!

ಇಳಕಲ್ಲಿನ್ಯಾಗ ವೈರಮನ್ ಆಗಿ, ಸುಟ್ಟ ಮೋಟರ್ ಸುತ್ತಿ ಕೊಡೂ ನನಗ ದಿನಾ ಬೆಳಗಾದ್ರ ಇಂಥಾದೊಂದು ಆಗೇ ಆಗತೈತಿ. ದೀಪ ಮಂದಾದ್ರೂ 'ಕರೆಂಟ್ ಕಡಿಮಿ', ಮೋಟರ್ ಸುಟ್ಟರೂ 'ಕರೆಂಟ್ ಕಡಿಮಿ', ಟಿವಿ ಸುಟ್ಟರ 'ಕರೆಂಟ್ ಜಾಸ್ತಿ'. ವೋಲ್ಟೇಜ್ ಅನ್ನೂದರ ಹೆಸರ ಯಾರೂ ಎತ್ತೂದಿಲ್ಲ. ನಾನೂ ಹಟ ತೊಟ್ಟೀನಿ: ಒಬ್ಬರಿಗರೆ ಇದರ ಫರಕ್ ತಿಳಿಸೇ ಸಾಯಾಂವ. ನಗಬ್ಯಾಡ್ರಿ, ತಿಳೀದಿದ್ರ ಮೋಟರ್ ಸುಡತಾವು.

ಟಾಕಿ ಸುತ್ತಿದ ವೈರು

ಅಮೀನಗಡದಾಗ ಕರದಂಟಿನ ಅಂಗಡಿ ಸಾಹುಕಾರ್ರು. ಒಣಕೊಬ್ಬರಿ ಹೆರಿಯೂ ಮಶೀನು ಆಮಿ ನಡದಂಗ ನಡೀತೈತಿ ಅಂತ ನನ್ನ ಕರದ್ರು. ನೋಡಿದೆ, ವೋಲ್ಟೇಜ್ ಬಿದ್ದಿತ್ತು.

"ಸಾಹುಕಾರ್ರ, ಮಾಳಿಗಿ ಮ್ಯಾಲೆ ನೀರಿನ ಟಾಕಿ ಐತಲ್ರಿ? ಟಾಕಿ ಎತ್ತರ ಇದ್ದಷ್ಟು ನೀರಿನ ಒತ್ತಡ ಜಾಸ್ತಿ. ಆ ಒತ್ತಡ ಅಂದ್ರ ವೋಲ್ಟೇಜು. ಪೈಪಿನ್ಯಾಗ ಹರಿಯೂ ನೀರು ಅಂದ್ರ ಕರೆಂಟು."

"ಭಾಳ ಚೊಲೋ ತಿಳಿಸಿದ್ರಿ ಬಿಡ್ರಿ!" ಅಂದ್ರು. ನನ್ನ ಎದಿ ಉಬ್ಬಿತು.

ವಾರ ಬಿಟ್ಟು ಹೋಗಿ ನೋಡ್ತೇನಿ, ಬೋರ್ಡಿನಿಂದ ಹೊಂಟ ವೈರು ಮಾಳಿಗಿ ಏರಿ, ಟಾಕಿಗೆ ಒಂದು ಸುತ್ತು ಹಾಕಿ, ಮತ್ತ ಕೆಳಗ ಮಶೀನಿಗೆ ಇಳದೈತಿ! "ಇದೇನ್ರಿ?" ಅಂದೆ.

"ಎತ್ತರದಿಂದ ಇಳಿಸೇನ್ರಿ. ಇನ್ನೂ ಜೋರ್ ಬೇಕಂದ್ರ ಬಾಜೂಕಿನ ಮೂರಂತಸ್ತಿನವರನ್ನ ಕೇಳೂಣೇನ್ರಿ?"

ಮಾವನೋರ ಬರಿಗಾಲು

ನವನಗರದಾಗ ನಮ್ಮ ಮಾವನೋರು ಅದಾರ, ರಿಟೈರ್ ಆದ ಸಾಲಿ ಮಾಸ್ತರ್ರು. ಮಾಸ್ತರ್ರಿಗಾದ್ರೂ ತಿಳೀತೈತಿ ಅಂತ ನನಗ ಭಾಳ ಆಸೆ. ಅವರ ಪಡಸಾಲಿ ಫ್ಯಾನ್ ರಿಪೇರಿಗೆ ಕಟಿಗಿ ಸ್ಟೂಲ್ ಹತ್ತಿದಾಂವ ಅಲ್ಲೇ ಪಾಠ ಸುರು ಮಾಡಿದೆ.

"ಮಾವಾರ, ವೋಲ್ಟೇಜ್ ವೈರಿನ್ಯಾಗ ಬಂದು ನಿಂತಿರತೈತಿ. ಹರಿಯಾಕ ದಾರಿ ಸಿಕ್ಕರನ ಕರೆಂಟು. ಈಗ ನನ್ನ ಕೆಳಗ ಕಟಿಗಿ, ಕಾಲಾಗ ರಬ್ಬರ್ ಚಪ್ಪಲಿ. ದಾರಿ ಎಲ್ಲೈತಿ?" ಅಂತ ಶಾಣ್ಯಾತನ ತೋರಸಾಕ ವೈರಿಗೆ ಬಟ್ಟು ಮುಟ್ಟಿಸಿದೆ. ಅಂಥಾ ಹುಚ್ಚುತನ ನೀವ್ಯಾರೂ ಮಾಡಬ್ಯಾಡ್ರಿ.

ಮಾವನೋರಿಗೆ ಗಾಬರಿ ಆತು. "ಬೀಳ್ತೀರಿ ಅಳಿಯಾರ!" ಅಂತ ಬರಿಗಾಲಿಲೆ ಓಡಿ ಬಂದು ನನ್ನ ಕಾಲು ಗಟ್ಟ್ಯಾಗಿ ಹಿಡದ್ರು. ಮುಗೀತು! ನಾ ಒಂದು ಕಡೆ, ಅವರೊಂದು ಕಡೆ, ಸ್ಟೂಲ್ ಮತ್ತೊಂದು ಕಡೆ.

ನೆಲದ ಮ್ಯಾಲೆ ಕುಂತು ಕಣ್ಣಿನ ಚಾಳೀಸು ಹುಡುಕೋತ ಮಾವನೋರು ಕೇಳಿದ್ರು: "ಅಳಿಯಾರ, ಹರಿಯಾಕ ಅದಕ್ಕ ಬ್ಯಾರೆ ದಾರೀನ ಸಿಗಲಿಲ್ಲೇನ್ರಿ?"

ಹಸರು ಸೀರಿ

ನಮ್ಮ ಓಣಿಯಾಗ ಪವರ್‌ಲೂಮ್ ಮ್ಯಾಲೆ ಸೀರಿ ನೇಯೂ ಅಕ್ಕ ಒಬ್ಬಾಕಿ ಅದಾಳ. ಆಕಿ ಮಗಳು ಚೊಚ್ಚಲ ಬಸರಿ, ನಾ ಹೇಳೂ ದಿನದ ಮರುದಿನ ಕುಬಸ, ಅಂದ್ರ ಸೀಮಂತ. ತಾನ ನೇಯ್ದ ಹಸರು ಸೀರೀನ ಮಗಳಿಗೆ ಉಡಸ್ಬೇಕಂತ ಅಕ್ಕನ ಹಟ. ಸೀರಿ ಇನ್ನೂ ಎರಡು ಮೊಳ ಉಳದಿತ್ತು, ವೋಲ್ಟೇಜ್ ನೋಡಿದ್ರ ಪಾತಾಳಕ್ಕ ಬಿದ್ದಿತ್ತು. ಆ ಮಗ್ಗದ ಮೋಟರ್ ನಾ ಅದಾಗಲೇ ಎರಡು ಸಲ ಸುತ್ತಿ ಕೊಟ್ಟಿದ್ದೆ. ಮೂರನೇ ಸಲ ಸುಟ್ಟರ ಸೀರಿ ಕುಬಸಕ್ಕ ಆಗೂ ಹಂಗಿರಲಿಲ್ಲ.

ನಾ ಹೋಗೂದ್ರಾಗ ಮೋಟರ್ ಗುಂಯ್ ಅನ್ನಾಕತ್ತಿತ್ತು. "ಬಂದ್ ಮಾಡಕ್ಕಾ!" ಅಂತ ಒದರಿದೆ.

"ಯಾಕೋ ತಮ್ಮಾ? ಕಡಿಮಿ ಬಂದ್ರ ಕಡಿಮೀನ ಸುಡತೈತಿ."

"ಇಲ್ಲಕ್ಕಾ! ಒತ್ತಡ ಕಡಿಮಿ ಆದ್ರೂ ಮಗ್ಗ ಎಳಿಯೂ ಕೆಲಸ ಅಷ್ಟೇ ಐತಿ. ಅದಕ್ಕ ಮೋಟರ್ ಕರೆಂಟ್ ಜಾಸ್ತಿ ಎಳಕೊಂಡು ಬಿಸಿ ಆಗಿ ಸುಡತೈತಿ!"

ಆಕಿ ಸ್ವಿಚ್ ಬಿಡವಲ್ಲಳು. ನಾನೇನ್ ಕಡಿಮಿ? ಬೋರ್ಡಿನ ಫ್ಯೂಜ್ ಕಿತ್ತು ಕಿಸೇದಾಗ ಹಾಕ್ಕೊಂಡೆ. "ನೋಡಿಲ್ಲೆ, ಮಗ್ಗ ನಿಂತ್ರೂ ಗೋಡಿ ವೋಲ್ಟ್ ಮೀಟರಿನ ಮುಳ್ಳು ಸೊನ್ನಿಗೆ ಬಿದ್ದಿಲ್ಲ. ಅಂದ್ರ ವೋಲ್ಟೇಜ್ ಬೋರ್ಡಿನ ತನಕ ಬಂದೈತಿ, ಹರಿಯಾಕ ದಾರಿ ಇಲ್ಲ, ಅದಕ್ಕ ಕರೆಂಟಿಲ್ಲ. ಮುಳ್ಳು ಎರಡನೂರಾ ಇಪ್ಪತ್ತಕ್ಕ ಬರ್ಲಿ, ಫ್ಯೂಜ್ ಹಾಕಿ ಕೊಡ್ತೇನಿ."

 ಆಕಿ ಕಣ್ಣಾಗ ನೀರು ತಂದು ಮುಗೀಲಾರದ ಸೀರೀನ ನೋಡ್ಕೋತ ಕುಂತ್ಳು. ಆದ್ರೂ ನಾ ಫ್ಯೂಜ್ ಕೊಡಲಿಲ್ಲ.

ಅಷ್ಟ್ರಾಗ ಅಮೀನಗಡದ ಸಾಹುಕಾರ್ರ ಫೋನ್ ಬಂತು, ಮಶೀನ್ ಪೂರಾ ನಿಂತೈತಂತ. ವೋಲ್ಟೇಜ್ ಬರಾಕ ಸಂಜಿ ಆಗತೈತಿ, ಹೋಗಿ ಬಂದ್ರಾತು ಅಂತ ಬಸ್ ಹತ್ತಿದೆ. ಅಂಗಡಿ ಮುಂದ ಇಳಿಯಾಕ ಮತ್ತ ಅಕ್ಕನ ಫೋನ್ ಬರಾಕ ಒಂದಾತು. ಫೋನಿನ್ಯಾಗ ಬಾಜೂಕಿನ ಮಗ್ಗಗೋಳು ಖಟ್ ಖಟ್ ಬಡ್ಯೂದು ಕೇಳತಿತ್ತು.

"ಮುಳ್ಳು ಎರಡನೂರಾ ಇಪ್ಪತ್ತೈದಕ್ಕ ಬಂದೈತೋ!"

"ಮತ್ತ ತಡಾ ಯಾಕಕ್ಕಾ? ಮಗ್ಗ ಚಾಲೂ ಮಾಡು!"

"ಹೆಂಗ್ ಮಾಡಲೋ ಹುಚ್ಚಪ್ಯಾಲಿ? ವೋಲ್ಟೇಜ್ ನನ್ನ ಗೋಡಿ ಮ್ಯಾಲೆ ಐತಿ, ಕರೆಂಟ್ ನಿನ್ನ ಕಿಸೇದಾಗ ಐತಿ!"

ಕಿಸೆ ಮುಟ್ಟಿ ನೋಡ್ಕೊಂಡೆ, ಫ್ಯೂಜ್! ಬೈಸಿಕೊಂಡು ಅಷ್ಟು ಖುಷಿ ಆದದ್ದು ಅದ ಮೊದಲು. ಇಷ್ಟು ವರ್ಷಕ್ಕ ಒಬ್ಬಾಕಿಗೆ ತಿಳೀತಲ್ಲಪ್ಪಾ! ಸಾಹುಕಾರ್ರಿಗೆ ಕೈ ಮುಗದು, ಎದುರಿಗೆ ಬಂದ ಬಸ್ ಹತ್ತಿ, ಓಡಿ ಬಂದು ಫ್ಯೂಜ್ ಹಾಕಿದೆ. ದೀಪಾ ಹಚ್ಚೂ ಹೊತ್ತಿಗೆ ಸೀರಿ ಮಗ್ಗದಿಂದ ಇಳೀತು.

ಮರುದಿನ ಮಗಳು ಅದನ್ನ ಉಟ್ಟು ಆರತಿಗೆ ಕುಂತಿದ್ಲು. ನಾ ಹೊಟ್ಟಿ ತುಂಬ ಉಂಡು ಹೊಂಟೆ. ಅಕ್ಕ ಬಾಗಲದಾಗ ಅಡ್ಡ ನಿಂತ್ಳು. ಬೀಗರು ಬಿಜ್ಜರು ಎಲ್ಲಾರ ಮುಂದ ಮದಲ ನನ್ನ ಕಿಸೆ ತಪಾಸ್ ಮಾಡಿ, ಆಮ್ಯಾಲೆ ಎಲಿ ಅಡಿಕಿ ಕೊಟ್ಟು ಕಳಿಸಿದ್ಲು.