ಹಲಗೆಯ ಮೇಲಿನ ಕತ್ತರಿ

ಕತ್ತರಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎನ್ನುತ್ತಾರೆ. ನಾವು ಹೊಲಿಗೆಯವರು ಇದನ್ನು ಇನ್ನಷ್ಟು ಬಿಗಿಯಾಗಿ ನಡೆಸಿಕೊಂಡು ಬಂದಿದ್ದೇವೆ. ಕೆಲಸಕ್ಕೆ ಸೇರುವ ದಿನ ಉಸ್ತಾದರು ಕತ್ತರಿಯನ್ನು ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಇಡುತ್ತಾರೆ, ಸೇರಿದವನು ಎತ್ತಿಕೊಳ್ಳುತ್ತಾನೆ. ಬಿಡುವ ದಿನ ಅವನು ಅದೇ ಹಲಗೆಯ ಮೇಲೆ ಇಡುತ್ತಾನೆ, ಉಸ್ತಾದರು ಎತ್ತಿಕೊಳ್ಳುತ್ತಾರೆ. ಅಲ್ಲಿಗೆ ಋಣ ಹರಿಯಿತು. ಮಾತು ಬಾರದವರಿಗಾಗಿಯೇ ಯಾರೋ ಪುಣ್ಯಾತ್ಮ ಮಾಡಿಟ್ಟ ಪದ್ಧತಿ ಎಂದು ನಾನು ನಂಬಿದ್ದೆ. ಇಟ್ಟ ಕತ್ತರಿಯನ್ನು ಉಸ್ತಾದರು ಎತ್ತದೇ ಹೋದರೆ ಏನು ಮಾಡಬೇಕು ಎಂಬುದನ್ನು ಆ ಪುಣ್ಯಾತ್ಮ ಹೇಳಿಹೋಗಿರಲಿಲ್ಲ. ಇವತ್ತು ಮುಂಜಾನೆಯಿಂದ ಆ ಮಾತು ಮತ್ತೆ ನೆನಪಾಗುತ್ತಿದೆ. ಅದರ ಕಾರಣ ಆಮೇಲೆ ಹೇಳುತ್ತೇನೆ. ಮೊದಲು ಮೊಂಬಾಸಾದ ಮಾತು.

ಈ ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮೊದಲು, ಮದುವೆಯಾಗಿ ವರ್ಷ ತುಂಬುವುದರೊಳಗೆ, ಬಸುರಿ ಹೆಂಡತಿಯನ್ನು ಹುಬ್ಬಳ್ಳಿಯಲ್ಲಿ ಬಿಟ್ಟು ನಾನು ಹಡಗು ಹತ್ತಿದೆ. ಕರೆಸಿಕೊಂಡವರು ಶಿರಗುಪ್ಪಿಯ ಮಕ್ತುಮಸಾಬ ಕಾಕಾ. ಮೊಂಬಾಸಾದಲ್ಲಿ ಅವರದೊಂದು ಹೊಲಿಗೆಯ ಅಂಗಡಿ. ಪರದೇಶದವನು ಅಲ್ಲಿ ಇಳಿಯಬೇಕಾದರೆ ಯಾರಾದರೂ ಜಾಮೀನು ನಿಲ್ಲಬೇಕಿತ್ತು. ಕಾಕಾ ನಿಂತಿದ್ದರು. ಅವರೇ ಬಂದರಿನ ಕಚೇರಿಗೆ ಬಂದು ‘ಇವನನ್ನು ಬಿಟ್ಟಿದ್ದೇನೆ’ ಎಂದು ಹೇಳುವ ತನಕ ಬೇರೆಯವರು ನನ್ನನ್ನು ಇಟ್ಟುಕೊಳ್ಳುವಂತಿಲ್ಲ. ಹಗಲು ಹಲಗೆಯ ಮೇಲೆ ಕೆಲಸ, ರಾತ್ರಿ ಅದೇ ಹಲಗೆಯ ಮೇಲೆ ನಿದ್ದೆ. ಆ ತುದಿ ಕಾಕಾನದು, ಈ ತುದಿ ನನ್ನದು, ನಡುವೆ ಇಸ್ತ್ರಿ ಪೆಟ್ಟಿಗೆ. ರೊಟ್ಟಿ ಬಡಿಯುತ್ತಿದ್ದವರೂ ಕಾಕಾನೇ. ಅಲ್ಲಿಯ ಜೋಳದ ಹಿಟ್ಟಿಗೆ ಜಿಗಿ ಇಲ್ಲ; ರೊಟ್ಟಿ ಕೋಟಿನ ಕಾಲರಿನಷ್ಟು ದಪ್ಪ, ಅಂಚೆಲ್ಲ ಹರಕು. ಊರಲ್ಲಾಗಿದ್ದರೆ ಅವರ ಮನೆಯ ನೀರು ಕುಡಿಯಲು ಕೂಡ ನಮ್ಮಪ್ಪ ನನ್ನನ್ನು ಬಿಡುತ್ತಿರಲಿಲ್ಲ. ಕಡಲು ದಾಟಿದ ಮೇಲೆ ಜೋಳದ ರೊಟ್ಟಿಯೇ ನಮ್ಮಿಬ್ಬರ ಜಾತಿಯಾಗಿತ್ತು.

ಹೀಗಿರುವಾಗ ಬಂದರಿನ ಹತ್ತಿರದ ದೊಡ್ಡ ಅಂಗಡಿಯವರು ನನ್ನನ್ನು ಕರೆದರು. ಅಂಗಡಿಯ ಹಿಂದೆ ಒಂದು ಖೋಲಿ ಇತ್ತು, ಸಂಸಾರ ಹೂಡುವಂಥದ್ದು. ಮುಂದಿನ ಹಡಗಿಗೆ ಹೆಂಡತಿಯನ್ನು, ನಾನು ಬಂದ ಮೇಲೆ ಹುಟ್ಟಿದ್ದ ಮಗಳನ್ನು ಕರೆಸಬಹುದಿತ್ತು. ತಡ ಮಾಡಿದರೆ ಖೋಲಿ ಇನ್ನೊಬ್ಬರಿಗೆ. ಇಷ್ಟನ್ನು ಕಾಕಾಗೆ ಹೇಳಿದ್ದರೆ ಮುಗಿದಿತ್ತು. ಆದರೆ ಹಿರಿಯರ ಮುಂದೆ ಹೆಂಡತಿ ಮಕ್ಕಳ ಮಾತು ತೆಗೆಯುವುದು ಹೇಗೆ? ನಮ್ಮಪ್ಪ ತನ್ನಪ್ಪನ ಮುಂದೆ ನನ್ನನ್ನು ಒಮ್ಮೆಯೂ ಎತ್ತಿಕೊಂಡವನಲ್ಲ. ನಾನು ಬಿದ್ದು ಅತ್ತರೂ ಬೇರೆ ಕಡೆ ನೋಡುತ್ತಿದ್ದನಂತೆ. ಆ ವಂಶದವನು ನಾನು. ಒಂದು ಮುಂಜಾನೆ ಏನೂ ಹೇಳದೆ ಕತ್ತರಿಯನ್ನು ಹಲಗೆಯ ಮೇಲಿಟ್ಟು ಕೈಕಟ್ಟಿ ನಿಂತೆ.

ಕಾಕಾ ನೋಡಿದರು. ಖಾಕಿಯ ತುಂಡೊಂದನ್ನು ಅದರ ಮೇಲೆ ಹೊದಿಸಿ ಗಿರಾಕಿಯ ಕಡೆ ತಿರುಗಿದರು. ಮರುದಿನ ನಾನು ಕತ್ತರಿಯನ್ನು ಅವರತ್ತ ಸರಿಸಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಅದು ನನ್ನತ್ತ ಬಂದಿತ್ತು. ಗಜದ ಕೋಲಿನಿಂದ ದೂಡಿದ್ದರು. ಕೈ ಮುಟ್ಟಿದರೆ ಎತ್ತಿದಂತಾಗುತ್ತದಲ್ಲ. ಆಮೇಲೆ ಇಬ್ಬರೂ ಆ ಕತ್ತರಿಯನ್ನು ಮುಟ್ಟದೆ ಅದರ ಅಕ್ಕಪಕ್ಕದಲ್ಲೇ, ಮಲಗಿದ ಬೆಕ್ಕನ್ನು ಎಬ್ಬಿಸಬಾರದೆಂಬಂತೆ, ಕೆಲಸ ಮಾಡತೊಡಗಿದೆವು. ನಾನು ಬ್ಲೇಡಿನಿಂದ ಬಟ್ಟೆ ಸೀಳುತ್ತಿದ್ದೆ. ಒಂದು ಸಂಗತಿ ಮಾತ್ರ ನನಗೆ ಅರ್ಥವಾಗಲಿಲ್ಲ. ರೊಟ್ಟಿ ದಿನದಿಂದ ದಿನಕ್ಕೆ ತೆಳ್ಳಗಾಗುತ್ತಿತ್ತು. ಹರಕು ಅಂಚು ದುಂಡಗಾಯಿತು. ಕಡೆಗೊಂದು ಸಂಜೆ ಅದರ ಮೇಲೆ ತುಪ್ಪವೂ ಬಂತು.

ತುಪ್ಪ ಬಡಿಸಿದವರು ಎದುರಿಗೆ ಕೂತು ಕೇಳಿದರು: “ತಮ್ಮಾ, ರೊಟ್ಟಿ ಇನ್ನೂ ದಪ್ಪ ಆಗ್ತಾವೇನು?”

“ಇಲ್ರಿ ಕಾಕಾ, ಛಲೋ ಆಗ್ಯಾವ.”

“ಮತ್ತ ಯಾಕ ಹೊಂಟಿ?”

ಅಷ್ಟು ದಿನ ಅವರು ತಮ್ಮ ರೊಟ್ಟಿಯನ್ನೇ ತಿದ್ದುತ್ತಿದ್ದರೆಂದು ಆಗ ತಿಳಿಯಿತು. ನಾನು ತಾಟಿನ ಕಡೆ ನೋಡುತ್ತಲೇ ಅಂದೆ: “ಹುಡುಗಿ ನಡ್ಯಾಕ ಕಲ್ತಾಳಂತ್ರಿ. ನಾ ಇನ್ನೂ ಆಕಿ ಮಾರಿ ನೋಡಿಲ್ಲ.”

ಕಾಕಾ ಎದ್ದು ಕೈ ತೊಳೆದು, ಒರೆಸಿಕೊಂಡು, ಖಾಕಿ ಸರಿಸಿ ಕತ್ತರಿ ಎತ್ತಿದರು. ಮೂಲೆಯ ಗಂಟಿನಿಂದ ಹೂವಿನ ಚೀಟಿಬಟ್ಟೆಯೊಂದನ್ನು ಎಳೆದು ಹಲಗೆಯ ಮೇಲೆ ಹರವಿದರು.

“ಎಷ್ಟ ಎತ್ತರ ಅದಾಳ?”

“ಗೊತ್ತಿಲ್ರಿ.”

“ಮಗಳ ಅಳತಿ ಗೊತ್ತಿಲ್ದ ಶಿಂಪಿಗ್ಯಾ ನೀ. ಮೊದ್ಲ ಹೇಳಾಕ ಏನಾಗಿತ್ತು? ಸುಮ್ನ ತುಪ್ಪ ಖರ್ಚ ಮಾಡಿಸಿದಿ.”

ಅಂದಾಜಿನ ಮೇಲೆ ಅವರು ಕತ್ತರಿಸಿದ ಫ್ರಾಕು ನನ್ನ ಮಗಳಿಗೆ ಸರಿಯಾದದ್ದು ಅವಳು ಶಾಲೆಗೆ ಹೋಗುವ ಹೊತ್ತಿಗೆ. ಮರುದಿನ ಕಾಕಾ ಜರಿಯ ಟೊಪ್ಪಿಗೆ ಹಾಕಿಕೊಂಡು ಕಚೇರಿಗೆ ಬಂದು ಹೇಳಬೇಕಾದ್ದನ್ನು ಹೇಳಿದರು. ನನ್ನ ಟ್ರಂಕನ್ನು ಹೊಸ ಅಂಗಡಿಯ ಬಾಗಿಲ ತನಕ ತಾವೇ ಹಿಡಿದು ತಂದರು. ಆ ರಾತ್ರಿಯಿಂದ ಹಲಗೆಯ ಎರಡೂ ತುದಿ ಅವರದೇ ಆದವು.

ಈಗ ಊರಿಗೆ ಮರಳಿದ್ದೇನೆ; ಹುಬ್ಬಳ್ಳಿಯಲ್ಲಿ ನನ್ನದೇ ಅಂಗಡಿ, ನನ್ನದೇ ಹಲಗೆ. ಕೋಟಿನ ಕೆಲಸಕ್ಕೆ ಗೋವೆಯ ಪೆದ್ರು ಇದ್ದಾನೆ. ಅವನದು ಪೋರ್ತುಗೀಜರ ಸರಕಾರ, ಹೀಗಾಗಿ ಇಲ್ಲಿ ಅವನೂ ಪರದೇಶಿಯೇ. ರಾತ್ರಿ ಹಲಗೆಯ ಮೇಲೆಯೇ ಮಲಗುತ್ತಾನೆ. ಅವನಂತೆ ತೋಳು ಕೂಡಿಸುವವರು ಧಾರವಾಡದವರೆಗೆ ಹುಡುಕಿದರೂ ಇಲ್ಲ. ಇವತ್ತು ಮುಂಜಾನೆ ಅವನು ಕತ್ತರಿಯನ್ನು ಹಲಗೆಯ ಮೇಲಿಟ್ಟು ಕೈಕಟ್ಟಿ ನಿಂತ. ನಾನು ನೋಡಿದೆ. ಯುದ್ಧಕಾಲ, ಖಾಕಿ ಸಿಗುವುದಿಲ್ಲ. ಹೆಗಲ ಮೇಲಿನ ಟವೆಲು ತೆಗೆದು ಅದರ ಮೇಲೆ ಹೊದಿಸಿದೆ.

ಮಧ್ಯಾಹ್ನ ಮನೆಗೆ ಹೋಗಿ, ಪೆದ್ರುಗೆ ಕಳಿಸುವ ರೊಟ್ಟಿ ತೆಳ್ಳಗೆ ಬಡಿ, ಮೇಲೆ ಸ್ವಲ್ಪ ತುಪ್ಪ ಹಾಕು ಎಂದೆ. ಅಂದು ಕಾಕಾ ಕತ್ತರಿ ಎತ್ತಿದ್ದರಿಂದ ಮೊಂಬಾಸಾಕ್ಕೆ ಬಂದಿದ್ದ ನನ್ನ ಹೆಂಡತಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

“ಅವ್ರಿಗೂ ಮಕ್ಕಳ ಅದಾವೇನ್ರಿ? ಕೇಳೀರೇನು?”

ಕೇಳಿಲ್ಲ. ಕೇಳಿದರೆ ಕತ್ತರಿ ಎತ್ತಬೇಕಾಗುತ್ತದೆ.