ಅಧ್ಯಕ್ಷರು ಕಂಡ ಚಂದ್ರ

ನಿವೃತ್ತನಾದ ಗಂಡಸು ಮನೆಯಲ್ಲಿ ಎಲ್ಲಿ ಕೂತರೂ ಅದು ಆಗಷ್ಟೇ ಕಸ ಗುಡಿಸಬೇಕಾದ ಜಾಗವೇ ಆಗಿರುತ್ತದೆ. ಹೆಡ್‌ಮಾಸ್ತರಿಕೆಯಿಂದ ಬಿಡುಗಡೆಯಾದ ಮೇಲೆ ನಾನು ಕಂಡುಕೊಂಡ ಮೊದಲ ಸತ್ಯ ಇದು. ಅಡುಗೆಮನೆಯ ಡಬ್ಬಿಗಳನ್ನು ಅಕಾರಾದಿಯಾಗಿ ಜೋಡಿಸಿದ ದಿನವಂತೂ ನನ್ನ ಹೆಂಡತಿ ಕಸ್ತೂರೆವ್ವ ಕೈಮುಗಿದುಬಿಟ್ಟಳು.

“ರೀ, ನಿಮ್ಮಂಥವರು ಊರಾಗ ಭಾಳ ಮಂದಿ ಅದಾರ. ಎಲ್ಲಾರೂ ಕೂಡಿ ಏನರೆ ಕಲೀರಿ. ನನಗ ಕಲಿಸಾಕ ಮಾತ್ರ ಬರಬ್ಯಾಡ್ರಿ!”

ಹೀಗೆ ನಮ್ಮ ‘ನಿವೃತ್ತ ಜ್ಞಾನಪಿಪಾಸು ಸಂಘ’ ಹುಟ್ಟಿತು. (ಪಿಪಾಸೆಯ ಬಹುಪಾಲು ಚಹಾದ್ದು, ತೀರಿಸುವವಳು ಕಸ್ತೂರೆವ್ವ.) ಹುಬ್ಬಳ್ಳಿಯ ನಮ್ಮ ಮನೆಯ ಮಾಳಿಗೆಯೇ ಸಭಾಂಗಣ, ನಾನೇ ಅಧ್ಯಕ್ಷ. ಅಂಗಡಿಯನ್ನು ಮಕ್ಕಳಿಗೆ ಬಿಟ್ಟುಕೊಟ್ಟ ಅರಳೆ ವ್ಯಾಪಾರಿ ಮುರುಗೆಪ್ಪ, ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಮಕಬೂಲಸಾಬ ಮೊದಲಾದವರು ಸದಸ್ಯರು.

ರಷ್ಯಾದವರು ಮನುಷ್ಯನನ್ನು ಆಕಾಶಕ್ಕೆ ಹಾರಿಸಿದ ವರ್ಷ ಅದು. ಒಂದು ಸಂಜೆ ಮಕಬೂಲಸಾಬರು ತಗಡಿನ ಕೊಳವೆಗೆ ಗಾಜು ಕೂಡಿಸಿ ತಾವೇ ಮಾಡಿದ ದುರ್ಬೀನು ತಂದರು. ಪಡುವಣದಲ್ಲಿ ಪಂಚಮಿಯ ಚಂದ್ರ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ದುರ್ಬೀನು ನಿಲ್ಲಿಸಿ, ಗುರಿಯಿಟ್ಟು, “ಮೊದಲಿಗೆ ಅಧ್ಯಕ್ಷರು ನೋಡ್ಲಿ” ಎಂದರು.

ಗಾಂಭೀರ್ಯದಿಂದ ಮುಂದೆ ಬಂದೆ. ಧೋತರ ಎಲ್ಲೋ ಸಿಕ್ಕಿ ಕೊಳವೆ ಅಲುಗಿ ಕೊಂಚ ಬಾಗಿತು. ಅಧ್ಯಕ್ಷರಾದವರು ಇಂಥ ಕ್ಷುಲ್ಲಕ ಸಂಗತಿಗಳನ್ನು ಗಮನಿಸಬಾರದು, ಗಮನಿಸಲಿಲ್ಲ.

ಕಣ್ಣಿಟ್ಟೆ. ಆಹಾ! ಬೆಳ್ಳನೆಯ ಮರುಭೂಮಿ, ತುಂಬ ಕುಳಿಗಳು, ಬಿರುಕು ಬಿಟ್ಟ ಪರ್ವತಗಳು! ಮೈ ಜುಮ್ಮೆಂದಿತು. “ಮಹನೀಯರೇ, ಸೃಷ್ಟಿಕರ್ತನ ಕೈಚಳಕಕ್ಕೆ ಮಾತು ಸಾಲದು...” ಎಂದು ಆರಂಭಿಸಿ, ಆ ಸಾಲದ ಮಾತನ್ನೇ ಬಹಳ ಹೊತ್ತು ಆಡಿದೆ. ನಿಜಕ್ಕೂ ನನ್ನ ಕಣ್ಣು ತುಂಬಿ ಬಂದಿತ್ತು. ಮುರುಗೆಪ್ಪನವರೂ ಕಣ್ಣೊರೆಸಿಕೊಂಡರು.

ಚಹಾ ಹಂಚಿ ಮುಗಿಸಿದ ಕಸ್ತೂರೆವ್ವ, “ನಾನೂ ಒಂದೀಟು ನೋಡ್ತೇನ್ರಿ” ಎಂದು ಬಗ್ಗಿದಳು.

“ಅಯ್ಯ, ಇದು ಬಾಜೂಮನಿ ಸಂಗವ್ವನ ಹಿತ್ತಲ ಗ್ವಾಡಿ! ಸುಣ್ಣ ಕಿತ್ತು ಹೋಗೈತಿ ಅಂತ ಮೊನ್ನೆನ ಆಕಿಗೆ ಹೇಳೇನಿ.”

ಜ್ಞಾನಪಿಪಾಸುಗಳ ಚಹಾ ಮೂಗಿಗೇರಿತು. ಮಕಬೂಲಸಾಬರು ನಗುತ್ತ ಕೊಳವೆಯನ್ನು ಮೇಲೆತ್ತಿ ಸರಿಪಡಿಸಿದರು. “ಈಗ ನೋಡ್ರಿ, ಅಕ್ಕಾರ.”

ಅವಳು ನೋಡಿದಳು. ನೋಡುತ್ತಲೇ ಇದ್ದಳು. ಕೆಳಗೆ ಹಾಲು ಹೊತ್ತಿದ ವಾಸನೆ ಬಂದರೂ ಅವಳಿಗೆ ಅರಿವಿಲ್ಲ.

“ಏನ್ ಕಾಣಸ್ತದ?” ಎಂದೆ ಮೆಲ್ಲಗೆ.

“ಅಲ್ಲೆ ಕತ್ತಲ್ಯಾಗ ಒಂದು ಗುಡ್ಡದ ತುದಿ ಅಷ್ಟ ಹೊಳ್ಯಾಕತ್ತೈತ್ರಿ,” ಪಿಸುಗುಟ್ಟಿದಳು. “ಅಲ್ಲೆ ಈಗಷ್ಟ ಬೆಳಗಾಗಾಕತ್ತೈತಿ.”

ಯಾರೂ ನಗಲಿಲ್ಲ. ಮುರುಗೆಪ್ಪನವರು ನೋಡಿ ಕೈಮುಗಿದರು. ಒಬ್ಬೊಬ್ಬರಾಗಿ ನೋಡಿದರು, ನೋಡಿದವರು ಮತ್ತೆ ಸಾಲಿನಲ್ಲಿ ನಿಂತರು. ಸದ್ದು ಕೇಳಿ ಬಂದಿದ್ದ ಸಂಗವ್ವನೂ ನೋಡಿ ಎದೆ ಹಿಡಿದುಕೊಂಡಳು. ತಡೆಯಲಾಗದೆ ನಾನೂ ನುಗ್ಗಿದೆ.

ಸಂಗವ್ವ ಅಡ್ಡ ನಿಂತಳು. “ನೀವು ಬ್ಯಾಡ್ರಿ, ಮಾಸ್ತರ್ರ! ನಮ್ಮ ಗ್ವಾಡಿ ನೋಡೇ ಅತ್ತೀರಂತ. ಇದನ್ನ ನೋಡಿದ್ರ ನಿಮ್ಮ ಜೀವಕ್ಕ ತಡೀತೈತೇನು?”

“ಖರೇ ಐತಿ,” ಎಂದಳು ಕಸ್ತೂರೆವ್ವ, ಮತ್ತೆ ದುರ್ಬೀನಿಗೆ ಕಣ್ಣು ಹಚ್ಚಿ. “ಲಗೂ ಕೆಳಗ ಹೋಗಿ ಹಾಲಿಳಸ್ರಿ.”

ಹೊತ್ತಿದ ಪಾತ್ರೆ ತಿಕ್ಕಿ ನಾನು ಮಾಳಿಗೆ ಹತ್ತುವಷ್ಟರಲ್ಲಿ ಚಂದ್ರ ಮೋಡದ ಹಿಂದೆ ಸರಿದಿದ್ದ. ಸಂಘ ಹೊಸ ಅಧ್ಯಕ್ಷರನ್ನು ಆರಿಸಿಯಾಗಿತ್ತು. ಶ್ರೀಮತಿ ಕಸ್ತೂರೆವ್ವನವರು ನನ್ನ ಕುರ್ಚಿಯಲ್ಲಿ ವಿರಾಜಮಾನರಾಗಿ, ಆಕಾಶದಿಂದ ಕಣ್ಣು ಕೀಳದೆ ಕೇಳಿದರು:

“ಬರಿಗೈಲೆ ಬಂದ್ರೇನ್ರಿ? ಚಾ ಎಲ್ಲೈತಿ?”